ಒಂದು ಕೆಂಪು ಸರಕ್ಕೆ ಒಂದು ಚಾಳೀಸು

ಮಲೈತಾ ದ್ವೀಪದ ಔಕಿ ಪೇಟೆಯ ಕಣ್ಣಿನ ಚಿಕಿತ್ಸಾಲಯದಲ್ಲಿ ಡೋರ್ಕಸ್ ನರ್ಸಾಗಿ ಸೇರಿ ಬಹಳ ವರ್ಷಗಳಾಗಿದ್ದವು. ಆ ವರ್ಷಗಳಲ್ಲಿ ಅವಳು ಅತಿ ಹೆಚ್ಚು ಸಲ ಆಡಿದ ಮಾತೆಂದರೆ "ಮುಂದಿನ ತಿಂಗಳು ಬನ್ನಿ" ಎಂಬುದು. ಆಸ್ಟ್ರೇಲಿಯಾದ ಯಾರೋ ಪುಣ್ಯವಂತರು ತಾವು ಹಾಕಿ ಬಿಟ್ಟ ಕನ್ನಡಕಗಳನ್ನು ಪೆಟ್ಟಿಗೆ ತುಂಬಿ ಹಡಗಿಗೆ ಹಾಕಿಸುತ್ತಿದ್ದರು. ಪೆಟ್ಟಿಗೆ ಬಂದ ವಾರ ಬಾಗಿಲಲ್ಲಿ ನೂಕುನುಗ್ಗಲು. ಹೊಂದುವಂಥವು ನೋಡುನೋಡುತ್ತ ಖಾಲಿಯಾಗಿ, ತಳದಲ್ಲಿ ಉಳಿಯುತ್ತಿದ್ದುದು ಯಾರ ಕಣ್ಣಿಗೂ ಒಗ್ಗದ ಸೋಡಾಬುಡ್ಡಿ ಗಾಜಿನವು, ಕಾಲು ಮುರಿದವು. ಹೋದ ವರ್ಷ ಅದೂ ನಿಂತುಹೋಯಿತು. ಬೆಟ್ಟದ ಊರುಗಳಿಂದ ನಡೆದು ಬಂದವರಿಗೆ ಮುಂದಿನ ತಿಂಗಳು ಬನ್ನಿ ಅನ್ನುವಾಗ ತಾನು ಸುಳ್ಳಾಡುತ್ತಿದ್ದೇನೆಂದು ಅವಳಿಗೆ ಗೊತ್ತಿರುತ್ತಿತ್ತು. ಕೇಳುವವರಿಗೂ ಗೊತ್ತಿತ್ತು. ಆದರೂ ಅವರು "ಆಗ್ಲಿ ತಂಗಿ" ಎಂದು ತಲೆಯಾಡಿಸಿ ಹೋಗುತ್ತಿದ್ದರು. ಅದೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

ಹಾಗಾಗಿ ರಾಜಧಾನಿ ಹೊನಿಯಾರಾದಿಂದ ಆರೋಗ್ಯ ಇಲಾಖೆಯ ಮೇಲಧಿಕಾರಿ ವಿನ್ಸೆಂಟ್ ಸಾಹೇಬರು ಫೋನು ಮಾಡಿ ಹೊಸ ಯೋಜನೆಯೊಂದನ್ನು ಹೇಳಿದಾಗ ಡೋರ್ಕಸ್ ಎದ್ದು ನಿಂತೇ ಕೇಳಿಸಿಕೊಂಡಳು. ಚಿಕಿತ್ಸಾಲಯದ ಮುಂದಿನ ಕೋಣೆಯಲ್ಲಿ ಹೊಸ ಚಾಳೀಸು ಕನ್ನಡಕಗಳನ್ನು ಮಾರುವುದು, ಬಂದ ದುಡ್ಡಿನಲ್ಲೇ ಮುಂದಿನ ಪೆಟ್ಟಿಗೆ ತರಿಸುವುದು. ಯಾರ ದಾನಕ್ಕೂ ಕಾಯಬೇಕಾಗಿಲ್ಲ.

"ಆದ್ರೆ ಜನ ಎಷ್ಟು ಕೊಡೋಕೆ ತಯಾರಿದಾರೆ ಅಂತ ಮೊದ್ಲು ತಿಳ್ಕೋಬೇಕಮ್ಮ," ಎಂದರು ಸಾಹೇಬರು. "ಲಗೂನಿನ ಊರುಗಳಿಗೆ ಹೋಗು. ನೂರೈವತ್ತು ಡಾಲರ್ ಕೊಡ್ತೀರಾ ಅಂತ ಕೇಳು. ಇಲ್ಲ ಅಂದ್ರೆ ನೂರು. ಅದೂ ಇಲ್ಲ ಅಂದ್ರೆ ಐವತ್ತು. ಐವತ್ತರ ಕೆಳಗಿಳಿದ್ರೆ ನಮ್ಗೆ ಅಸಲೂ ಗಿಟ್ಟಲ್ಲ, ಈ ಆಸೆ ಬಿಟ್ಬಿಡೋಣ."

"ಬಿಡೋದು ಬೇಡ ಸಾರ್. ನಾನು ಕೇಳ್ಕೊಂಡು ಬರ್ತೀನಿ," ಎಂದಳು ಡೋರ್ಕಸ್.

ದಡಕ್ಕಂಟಿದ ಆಳವಿಲ್ಲದ ಶಾಂತ ಕಡಲಾದ ಲಂಗಲಂಗ ಲಗೂನಿನ ಜನ ಹವಳದ ಕಲ್ಲು ಪೇರಿಸಿ ತಾವೇ ಕಟ್ಟಿಕೊಂಡ ಪುಟ್ಟ ದ್ವೀಪಗಳ ಮೇಲೆ ಇರುವವರು. ಚಿಪ್ಪಿನ ಹಣ ಮಾಡುವುದು ಅವರ ಕಸುಬು. ಮಲೈತಾದ ಯಾವ ಮೂಲೆಯಲ್ಲಿ ಮದುವೆಯಾದರೂ ಹೆಣ್ಣಿನ ಮನೆಗೆ ಕೊಡುವ ತೆರ ಈ ಲಗೂನಿನ ಹೆಂಗಸರ ಕೈಯಿಂದಲೇ ಹೋಗಬೇಕು. ಚಿಪ್ಪನ್ನು ಸುತ್ತಿಗೆಯಿಂದ ಒಡೆದು ಬಟಾಣಿ ಗಾತ್ರದ ಬಿಲ್ಲೆ ಮಾಡಿ, ಬೈರಿಗೆಯಿಂದ ನಡುವೆ ತೂತು ಕೊರೆದು, ದಾರಕ್ಕೆ ಪೋಣಿಸಿ, ಕಲ್ಲಿನ ಮೇಲೆ ಉಜ್ಜಿ ನಯಮಾಡುತ್ತಾರೆ. ಕಣ್ಣಿಲ್ಲದೆ ಆಗುವ ಕೆಲಸವಲ್ಲ. ಅದಕ್ಕೇ ಡೋರ್ಕಸ್ ಮೊದಲು ಅಲ್ಲಿಗೇ ಹೋಗಬೇಕೆಂದು ತೀರ್ಮಾನಿಸಿದಳು.

ಫೌಬಾಲ ದ್ವೀಪಕ್ಕೆ ಅವಳನ್ನು ಕರೆದೊಯ್ದವನು ದೋಣಿಯ ಬೆನೆಡಿಕ್ಟ್. ಲಗೂನಿನಲ್ಲೇ ಹುಟ್ಟಿದವನು. ಮಾದರಿ ಕನ್ನಡಕಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದ ಡೋರ್ಕಸಳನ್ನು ನೋಡಿ ಅವನಿಗೆ ನಗು.

"ನರ್ಸಮ್ಮ, ಅಷ್ಟು ಗಟ್ಟಿಯಾಗಿ ಹಿಡೀಬೇಡಿ, ದೋಣಿಗೆ ನೋವಾಗುತ್ತೆ. ನೀವು ಬೆಟ್ಟದೋರು ನೀರು ಕಂಡ್ರೆ ಒದ್ದೆ ಕೋಳಿ ಥರ ಆಗ್ತೀರಪ್ಪ."

"ನಮ್ಮ ಗೆಡ್ಡೆ ಕೇಳ್ಕೊಂಡು ಬೆಟ್ಟ ಹತ್ತೋವಾಗ ನೀವು ಉಸಿರು ಬಿಡೋ ಸದ್ದು ನಾಲ್ಕು ಊರಿಗೆ ಕೇಳುತ್ತೆ. ಸುಮ್ನೆ ಮೋಟಾರು ನೋಡ್ಕೋ."

ದ್ವೀಪದಲ್ಲಿ ಅವಳಿಗೆ ಮರ್ಯಾದೆಗೇನೂ ಕೊರತೆಯಾಗಲಿಲ್ಲ. ಎಳನೀರು ಕೊಟ್ಟರು, ನೆರಳಿನಲ್ಲಿ ಚಾಪೆ ಹಾಸಿದರು. ಮೊದಲ ಮನೆಯಲ್ಲಿ ಸಿಕ್ಕವಳು ಜೆಸಿಕಾ, ಊರಿನ ಇಗರ್ಜಿಯಲ್ಲಿ ಪ್ರಾರ್ಥನೆ ನಡೆಸುವ ಉಪದೇಶಿ ಅಲಿಕ್‌ನ ಹೆಂಡತಿ. ನೂರೈವತ್ತು ಕೊಡ್ತೀರಾ ಎಂದು ಡೋರ್ಕಸ್ ಕೇಳಿದಳು. ಇಲ್ಲ. ನೂರು? ಇಲ್ಲ. ಐವತ್ತು?

"ಇಪ್ಪತ್ತು," ಎಂದಳು ಜೆಸಿಕಾ.

ಎರಡನೆಯ ಮನೆಯಲ್ಲೂ ಇಪ್ಪತ್ತು. ಮೂರನೆಯ ಮನೆಯ ಮುದುಕ ಎಲೆ ಅಡಿಕೆ ಉಗಿದು ಬಂದು, ಬಾಯಿ ಒರೆಸಿಕೊಂಡು, ಇಪ್ಪತ್ತು ಎಂದ. ಮಧ್ಯಾಹ್ನದ ಹೊತ್ತಿಗೆ ಹದ್ದಿನಂಥ ಕಣ್ಣಿನ ಒಬ್ಬ ಹುಡುಗಿ, ಡೋರ್ಕಸ್ ಹೊಸ್ತಿಲು ದಾಟುವ ಮೊದಲೇ, ಕೇಳದೆಯೇ, "ಇಪ್ಪತ್ತು" ಅಂದುಬಿಟ್ಟಳು.

ಡೋರ್ಕಸ್ ಪೆಟ್ಟಿಗೆ ಮುಚ್ಚಿ ನೇರ ಇಗರ್ಜಿಯ ಕಡೆ ಹೋದಳು. ಅಲಿಕ್ ಅಲ್ಲಿ ಬೆಂಚೊಂದರ ಕಾಲು ರಿಪೇರಿ ಮಾಡುತ್ತಿದ್ದ. ಎತ್ತರದ ಆಳು, ಮಾತು ಮೆತ್ತಗೆ. ಊರಿನವರು ಅವನ ಮಾತು ಮೀರುತ್ತಿರಲಿಲ್ಲ.

"ಅಣ್ಣ, ಎಲ್ಲರಿಗೂ ಇಪ್ಪತ್ತು ಅಂತ ಹೇಳ್ಕೊಟ್ಟಿದ್ದು ನೀವೇ ತಾನೇ?"

ಅವನು ಮುಚ್ಚಿಡಲಿಲ್ಲ. "ಹೌದು ತಂಗಿ. ನೀನು ಬರೋ ವಿಷ್ಯ ಬೆನೆಡಿಕ್ಟ್ ಹೇಳಿದ್ದ, ನಿನ್ನೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಹೇಳಿದೆ."

"ಯಾಕೆ?"

"ನೀನೇ ಯೋಚ್ನೆ ಮಾಡು. ಮಾರ್ಕೆಟ್ಟಿನಲ್ಲಿ ಗೆಣಸು ಇಟ್ಕೊಂಡೋಳು ಬೆಲೆ ಹೇಳ್ತಾಳೆ. ನಮ್ಗೆ ಬೇಕಾದ್ರೆ ತಗೋತೀವಿ, ಬೇಡ ಅಂದ್ರೆ ಮುಂದೆ ಹೋಗ್ತೀವಿ. ಚೌಕಾಸಿ ಮಾಡೋದು ನಮ್ಮಲ್ಲಿ ಉಂಟಾ? ಈಗ ನೀನು ಬಂದು, ನೀವೇ ಬೆಲೆ ಹೇಳಿ ಅಂತೀಯ. ಹಿಂದೆ ಹೀಗೇ ಒಬ್ಬ ವ್ಯಾಪಾರಿ ಬಂದಿದ್ದ. ನಾವು ಮುಳುಗಿ ಹಿಡಿಯೋ ಕಡಲ ಸೌತೆ ಹುಳ ಎಷ್ಟಕ್ಕೆ ಕೊಡ್ತೀರ, ಎಷ್ಟಕ್ಕೆ ಕೊಡ್ತೀರ ಅಂತ ಮನೆಮನೆ ಕೇಳಿದ. ಯಾರು ಕಮ್ಮಿ ಹೇಳಿದ್ರೋ ಆ ಬೆಲೆಗೆ ಊರನ್ನೆಲ್ಲ ಗುಡಿಸ್ಕೊಂಡು ಹೋದ. ಆವತ್ತಿಂದ ನಮ್ಗೂ ಬುದ್ಧಿ ಬಂತು."

ಡೋರ್ಕಸಳ ಸಿಟ್ಟು ಅರ್ಧ ಇಳಿಯಿತು. ಅವನು ಕುತಂತ್ರಿಯಲ್ಲ, ಊರನ್ನು ಕಾಯುತ್ತಿದ್ದಾನೆ. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನೀವು ಇಪ್ಪತ್ತು ಅಂದರೆ ಇಪ್ಪತ್ತಕ್ಕೆ ಸಿಗುವುದಿಲ್ಲ. ಐವತ್ತರ ಕೆಳಗೆ ಹೋದರೆ ಅಂಗಡಿಯೇ ತೆರೆಯುವುದಿಲ್ಲ. ಆಮೇಲೆ ಯಾರಿಗೂ ಯಾವ ಬೆಲೆಗೂ ಕನ್ನಡಕ ಇಲ್ಲ.

ಅಲಿಕ್ ಸುತ್ತಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿಸಿಕೊಂಡ. "ನೀನು ಸುಳ್ಳು ಹೇಳೋಳಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ನಿನ್ನ ಕಳಿಸ್ದೋರ ಮುಖ ನಾನು ನೋಡಿಲ್ವಲ್ಲ," ಎಂದು ಮತ್ತೆ ಮೊಳೆಗೆ ಬಾಗಿದ.

ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ದೋಣಿ ಕಟ್ಟುವ ಕಲ್ಲಿನ ಧಕ್ಕೆಯ ತುದಿಯಲ್ಲಿ ಮಾತ್ರ. ಅಲ್ಲಿ ನಿಂತು ಡೋರ್ಕಸ್ ವಿನ್ಸೆಂಟ್ ಸಾಹೇಬರಿಗೆ ನಡೆದದ್ದನ್ನು ತಿಳಿಸಿದಳು.

"ಸರಿ, ಇಪ್ಪತ್ತು ಅಂದ್ರೆ ಇಪ್ಪತ್ತು. ಜನ ಹೇಳಿದ್ದನ್ನ ಬರ್ಕೊಂಡು ಬಾ. ಅದಕ್ಕಿಂತ ಹೆಚ್ಚು ನಿನ್ನಿಂದೇನೂ ಆಗಲ್ಲ."

"ಅವ್ರು ಯಾವುದಕ್ಕೆ ಬೆಲೆ ಹೇಳ್ತಿದ್ದಾರೆ ಅಂತ ಅವ್ರಿಗೇ ಗೊತ್ತಿಲ್ಲ ಸಾರ್. ಪೆಟ್ಟಿಗೇಲಿರೋ ಗಾಜು ತೋರ್ಸಿ ಕೇಳ್ತಿದ್ದೀನಿ. ಹಾಕ್ಕೊಂಡು ಕೆಲ್ಸ ಮಾಡಿ ನೋಡ್ಲಿ, ಆಮೇಲೆ ಕೇಳ್ತೀನಿ."

"ಕೊಟ್ಟಿದ್ದು ವಾಪಸ್ ಬರಲ್ಲ ಡೋರ್ಕಸ್."

"ಬರುತ್ತೆ. ನಾನು ಇಲ್ಲೇ ಇರ್ತೀನಿ."

ಅವಳು ಬೆನೆಡಿಕ್ಟ್‌ನಿಗೆ, ಈಗ ಹೋಗು, ನಾನು ಹೇಳಿಕಳಿಸಿದಾಗ ಬಾ ಎಂದಳು. ಅವನು ಹುಬ್ಬೇರಿಸಿದ. "ಬೆಟ್ಟದೋರು ಕಲ್ಲಿನ ದ್ವೀಪದಲ್ಲಿ ಮಲಗ್ತೀರಾ? ನಿದ್ದೇಲಿ ಉರುಳಿ ನೀರಿಗೆ ಬಿದ್ದೀರ ಮತ್ತೆ." ಹಾಗೆಂದರೂ ಹೋಗುವ ಮುಂಚೆ ತನ್ನ ಅತ್ತೆಯ ಮನೆಗೆ ಹೋಗಿ, ನರ್ಸಮ್ಮನಿಗೆ ಒಂದು ಮೀನು ಎತ್ತಿಡಿ ಎಂದು ಹೇಳಿಯೇ ಹೋದ.

ಮರುದಿನ ಬೆಳಗ್ಗೆ ಹೆಂಗಸರು ತೆಂಗಿನ ಗರಿಯ ಚಪ್ಪರದಡಿ ಕೆಲಸಕ್ಕೆ ಕೂತಾಗ ಡೋರ್ಕಸ್ ಬೆಲೆಯ ಮಾತೇ ಎತ್ತಲಿಲ್ಲ. ಒಬ್ಬೊಬ್ಬರ ಎದುರೂ ಕುಕ್ಕರಗಾಲಲ್ಲಿ ಕೂತು, ಕಣ್ಣು ನೋಡಿ, ಹೊಂದುವ ಕನ್ನಡಕ ಹುಡುಕಿ, "ಇದನ್ನ ಹಾಕ್ಕೊಂಡು ಸಂಜೆ ತನಕ ಕೆಲ್ಸ ಮಾಡಿ. ಆಮೇಲೆ ವಾಪಸ್ ಕೊಡಿ. ದುಡ್ಡು ಬೇಡ," ಎನ್ನುತ್ತ ಹೋದಳು. ಒಬ್ಬಳ ಮುಖದ ಮೇಲೆ ಕನ್ನಡಕ ಕೂತ ಕೂಡಲೇ ಉಳಿದವರೆಲ್ಲ ಬಿದ್ದು ಬಿದ್ದು ನಗುವುದು. ಒಬ್ಬಳನ್ನು ಮೇಡಂ ಎಂದು ಕರೆದರು, ಇನ್ನೊಬ್ಬಳಿಗೆ ಕಪ್ಪೆಮೀನು ಎಂದು ಹೆಸರಿಟ್ಟರು. ಆದರೆ ಸ್ವಲ್ಪ ಹೊತ್ತಿನಲ್ಲೇ ನಗು ತಗ್ಗಿ, ಬೈರಿಗೆಗಳ ಸದ್ದು ಮಾತ್ರ ಕೇಳತೊಡಗಿತು.

ಚಪ್ಪರದ ಹೊರಗೆ, ಉಜ್ಜುವ ಕಲ್ಲಿನ ಹತ್ತಿರ, ಅಲ್ಫೋನ್ಸಾ ಒಬ್ಬಳೇ ಕೂತಿದ್ದಳು. ಅಲಿಕ್‌ನ ತಾಯಿ. ಒಂದು ಕಾಲದಲ್ಲಿ ಕೆಂಪು ಚಿಪ್ಪಿನ ಕೆಲಸದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲವಂತೆ. ಕೆಂಪು ಸಿಗುವುದು ಕಷ್ಟ, ಒಡೆಯುವುದು ಸುಲಭ. ತೂತು ಒಂದು ಎಳೆಯಷ್ಟು ಆಚೀಚೆ ಆದರೂ ಬಿಲ್ಲೆ ಸೀಳಿ ಹೋಗುತ್ತದೆ. ಈಗ ಅವಳು ಪೋಣಿಸಿದ ಸರಗಳನ್ನು ಕಲ್ಲಿನ ಮೇಲೆ ಉಜ್ಜುವ ಕೆಲಸವನ್ನಷ್ಟೇ ಮಾಡುತ್ತಿದ್ದಳು. ಅದು ಬೆರಳಿನ ಕೆಲಸ.

"ಅಮ್ಮ, ನೀವು ಕೊರೆಯಲ್ವಾ?" ಎಂದು ಡೋರ್ಕಸ್ ಕೇಳಿದಳು.

"ಕೊರೆದಿದ್ದು ಸಾಕಾಯ್ತು. ಎಲ್ಲ ಸೊಸೆಗೆ ಬಿಟ್ಟಿದ್ದೀನಿ. ಹುಡುಗೀರು ಕಲೀಲಿ."

"ಬಿಟ್ಟು ಎಷ್ಟು ವರ್ಷ ಆಯ್ತು?"

ಅಲ್ಫೋನ್ಸಾ ಸರವನ್ನು ಕಲ್ಲಿನ ಮೇಲೆ ಇನ್ನಷ್ಟು ಜೋರಾಗಿ ಎಳೆದಳು. ಡೋರ್ಕಸ್ ಒತ್ತಾಯ ಮಾಡದೆ ಪಕ್ಕದಲ್ಲಿ ಕೂತಳು. ಮುದುಕಿ ನೀರಿನ ಚೊಂಬಿಗೆ ಕೈ ಚಾಚಿದಾಗ ಸುಲಭವಾಗಿ ಎತ್ತಿಕೊಂಡಳು, ದೂರದಲ್ಲಿ ಹೋಗುತ್ತಿದ್ದ ದೋಣಿ ಯಾರದೆಂದು ಸರಿಯಾಗಿ ಹೇಳಿದಳು. ಆದರೆ ಉಜ್ಜುತ್ತಿದ್ದ ಸರವನ್ನು ಒಮ್ಮೆಯೂ ಕಣ್ಣ ಹತ್ತಿರ ತರಲಿಲ್ಲ. ಡೋರ್ಕಸ್ ಪೆಟ್ಟಿಗೆಯಿಂದ ಹೆಚ್ಚು ಶಕ್ತಿಯದೊಂದು ಕನ್ನಡಕ ಆರಿಸಿ, ಕೇಳದೆಯೇ ಅವಳ ಮೂಗಿನ ಮೇಲಿಟ್ಟಳು.

ಅಲ್ಫೋನ್ಸಾ ಮೊದಲು ತನ್ನ ಬೆರಳುಗಳನ್ನು ನೋಡಿಕೊಂಡಳು. ಉಗುರಿನ ಸಂದಿಯ ಬಿಳಿ ಪುಡಿಯನ್ನು ಇನ್ನೊಂದು ಉಗುರಿನಿಂದ ಕೆದಕಿದಳು. ಆಮೇಲೆ ಕೈಯಲ್ಲಿದ್ದ ಸರವನ್ನು ಎತ್ತಿ ಬೆಳಕಿಗೆ ಹಿಡಿದಳು. ತುಂಬ ಹೊತ್ತು ಹಿಡಿದೇ ಇದ್ದಳು.

"ಜೆಸಿಕಾ," ಎಂದು ಕೂಗಿದಳು. "ಇದನ್ನ ಕೊರೆದಿದ್ದು ಯಾರೇ? ನೀನೋ, ಇಲ್ಲ ಏಡಿಯೋ?"

ಚಪ್ಪರದಡಿ ಎಲ್ಲರೂ ತಲೆಯೆತ್ತಿದರು. ಸೊಸೆ ನಾಲಿಗೆ ಕಚ್ಚಿಕೊಂಡಳು. "ನರ್ಸಕ್ಕ, ದಮ್ಮಯ್ಯ, ಅದನ್ನ ಅವ್ರ ಮುಖದಿಂದ ತೆಗೀರಿ. ಇಷ್ಟು ವರ್ಷ ನಾನು ಸುಖವಾಗಿದ್ದೆ."

"ಎಲ್ಲ ತೂತೂ ಒಂದೊಂದು ಪಕ್ಕಕ್ಕೆ. ಇದನ್ನ ನಾನು ಉಜ್ಜಿ ಉಜ್ಜಿ ನಯ ಮಾಡಿ ಕೊಡ್ತಿದ್ದೀನಿ. ಈ ಸರ ಕೊಟ್ಟು ಹೆಣ್ಣು ತಂದ್ರೆ ಆ ಹೆಣ್ಣು ಮದುವೆ ಊಟ ಅರಗೋ ಮುಂಚೆ ತವರಿಗೆ ಓಡಿಹೋಗ್ತಾಳೆ." ಅಲ್ಫೋನ್ಸಾ ಎದ್ದಳು. "ಬೈರಿಗೆ ತಾ ಇಲ್ಲಿ."

ಆ ದಿನ ಅವಳು ಊಟಕ್ಕೂ ಏಳಲಿಲ್ಲ. ಮೊದಲ ಕೆಲವು ಬಿಲ್ಲೆಗಳು ಸೀಳಿದವು. ಕೈಗೆ ಅಭ್ಯಾಸ ತಪ್ಪಿತ್ತು. ಅವಳು ಚೂರುಗಳನ್ನು ಪಕ್ಕಕ್ಕೆ ಗುಡಿಸಿ ಮತ್ತೆ ಕೂತಳು. ಸಂಜೆಯ ಹೊತ್ತಿಗೆ ಅವಳ ಬುಟ್ಟಿಯಲ್ಲಿ ಒಂದು ಹಿಡಿ ಕೆಂಪು ಬಿಲ್ಲೆಗಳಿದ್ದವು. ಪ್ರತಿಯೊಂದರ ತೂತೂ ನಟ್ಟನಡುವೆ.

ಕನ್ನಡಕಗಳನ್ನು ವಾಪಸು ತೆಗೆದುಕೊಳ್ಳುತ್ತ ಡೋರ್ಕಸ್ ಒಬ್ಬೊಬ್ಬರನ್ನೇ ಬೇರೆ ಕರೆದು ಕೂರಿಸಿಕೊಂಡು ಮತ್ತೆ ಕೇಳಿದಳು. ಈ ಸಲ ಯಾರೂ ಇಪ್ಪತ್ತು ಅನ್ನಲಿಲ್ಲ. ಆದರೆ ಬೇರೆ ಸಂಖ್ಯೆಯನ್ನೂ ಹೇಳಲಿಲ್ಲ. ನೆಲ ನೋಡುತ್ತ, "ಯಜಮಾನ್ರನ್ನ ಕೇಳ್ಬೇಕು" ಎಂದರು. ಅಲ್ಫೋನ್ಸಾಳ ಸರದಿ ಬಂದಾಗ ಅವಳು ಕನ್ನಡಕವನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಕೂತಳು.

"ಎಷ್ಟು ಕೊಡ್ತೀರಮ್ಮ?"

"ಒಂದು ಮಾರು ಕೆಂಪು," ಎಂದು ಅಲ್ಫೋನ್ಸಾ ಎರಡೂ ತೋಳು ಅಗಲಿಸಿ ಉದ್ದ ತೋರಿಸಿದಳು.

"ನಾನು ಡಾಲರ್ ಲೆಕ್ಕ ಕೇಳ್ತಿದ್ದೀನಿ."

"ಡಾಲರ್ ಬೇಕಾದ್ರೆ ಅಲಿಕ್‌ನ ಕೇಳು. ಚಿಪ್ಪು ಬೇಕಾದ್ರೆ ನನ್ನ ಕೇಳು. ಡಾಲರ್ ಗಂಡಸರ ಜೇಬಿನಲ್ಲಿರುತ್ತೆ. ಮೀನು ಮಾರ್ತಾರೆ, ಪೆಟ್ರೋಲಿಗೆ ಹಾಕ್ತಾರೆ, ಉಳಿದ್ರೆ ಅಕ್ಕಿ ತರ್ತಾರೆ. ನಾವು ಮಾಡಿದ ಸರ ಮಾರೋ ತನಕ ನಮ್ಮ ಬುಟ್ಟೀಲೇ ಇರುತ್ತೆ. ಅದಕ್ಕೆ ಯಾರನ್ನೂ ಕೇಳೋ ಹಂಗಿಲ್ಲ ನಂಗೆ."

ಡೋರ್ಕಸ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಮಾರು ಕೆಂಪು ಸರ ಔಕಿಯಲ್ಲಿ ನೂರು ಡಾಲರಿಗೂ ಮೇಲೆ ಹೋಗುತ್ತದೆ. ಅವಳು ಎದ್ದು, ಆಗಲೇ ಕೇಳಿ ಮುಗಿಸಿದ್ದ ಹೆಂಗಸರ ಮನೆಗಳಿಗೆ ಮತ್ತೆ ಹೋದಳು. ಚಿಪ್ಪಿನಲ್ಲಾದರೆ ಎಷ್ಟು ಕೊಡುತ್ತೀರಿ? ಉತ್ತರ ತಡವರಿಸದೆ ಬಂತು. ಅರ್ಧ ಮಾರು ಕೆಂಪು. ಒಂದು ಮಾರು ಬಿಳಿ. ಕಪ್ಪು ಬಿಳಿ ಸೇರಿದ್ದು ಒಂದು ಮಾರು. ಜೆಸಿಕಾಳೂ ನಗುತ್ತ, ಅತ್ತೆಗೆ ಕೇಳಿಸದ ಹಾಗೆ, "ನನ್ನ ಸರ ಏಡಿ ಕೊರೆದಿದ್ದು, ಅದಕ್ಕೆ ಒಂದೂವರೆ ಮಾರು ತಗೊಳ್ಳಿ" ಎಂದಳು.

ಅಷ್ಟರಲ್ಲಿ ಸುದ್ದಿ ಅಲಿಕ್‌ನ ಕಿವಿಗೂ ಬಿದ್ದಿತ್ತು. ಅವನು ಅಂಗಳಕ್ಕೆ ಬಂದಾಗ ತಾಯಿ ಇನ್ನೂ ಕನ್ನಡಕವನ್ನು ವಾಪಸು ಕೊಟ್ಟಿರಲಿಲ್ಲ.

"ಅಮ್ಮ, ಊರಿಗೆಲ್ಲ ಒಂದು ಮಾತು ಹೇಳಿದ್ದೆ. ನೀನೇ ಅದನ್ನ ಮುರಿದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ?"

"ಇಪ್ಪತ್ತು ಅಂದಿದ್ದು ನೀನು ತಾನೇ?" ಅಲ್ಫೋನ್ಸಾಳ ದನಿ ಏರಲಿಲ್ಲ. "ನನ್ನ ಕಣ್ಣಿಗೆ ಇಪ್ಪತ್ತು ಡಾಲರ್ ಅಂತ ನನ್ನ ಕೇಳಿ ಹೇಳಿದ್ಯಾ?"

"ನಿನ್ನ ಕಣ್ಣಿಗೆ ಏನಾಗಿದೆ? ನೀನೇ ಹೇಳಿದ್ದು, ಸಾಕಾಯ್ತು, ಬಿಟ್ಟೆ ಅಂತ."

"ಬಿಟ್ಟಿಲ್ಲ ಕಣೋ. ಕಾಣ್ತಿರ್ಲಿಲ್ಲ."

ತಾಯಿ ಬುಟ್ಟಿಯಿಂದ ಕೆಂಪು ಬಿಲ್ಲೆಗಳನ್ನು ಹಿಡಿಯಲ್ಲಿ ತೆಗೆದು ಅವನ ಅಂಗೈಗೆ ಸುರಿದಳು. ಅವನು ಅವನ್ನು ನೋಡಲು ಕೈಯನ್ನು ಮುಖದಿಂದ ದೂರ ದೂರ ಒಯ್ದ, ತೋಳು ಮುಗಿಯುವವರೆಗೂ. ಡೋರ್ಕಸ್ ಅದನ್ನು ಗಮನಿಸಿದಳು. ಅಲ್ಫೋನ್ಸಾ ಅಂದಳು.

"ನಿಂಗೂ ಬೇಕು ಒಂದು. ಭಾನುವಾರ ಪುಸ್ತಕ ತೆರೆದು ಬಾಯಿಪಾಠ ಹೇಳೋದು ನಂಗೆ ಗೊತ್ತಿಲ್ವಾ."

ಅಲಿಕ್‌ನ ತಲೆ ತಗ್ಗಿತು. ಆಮೇಲೆ ಅವನೇ ಮೊದಲು ನಕ್ಕ. ಬಿಲ್ಲೆಗಳನ್ನು ಜೋಪಾನವಾಗಿ ಬುಟ್ಟಿಗೆ ವಾಪಸು ಹಾಕಿ ಡೋರ್ಕಸಳ ಕಡೆ ತಿರುಗಿದ. "ತಂಗಿ, ನಾನು ಅಂದಿದ್ದು ಹಿಂದಕ್ಕೆ ತಗೋತೀನಿ. ಗಂಡಸರಿಗೂ ನಾನೇ ಹೇಳ್ತೀನಿ, ನಿಜ ಹೇಳಿ ಅಂತ. ಆದ್ರೆ ಬೆಲೆ ಮಿತಿಮೀರಿದ್ರೆ ಹೊನಿಯಾರಾಕ್ಕೆ ಬಂದು ಜಗಳ ಆಡೋನೂ ನಾನೇ."

"ಆಗ ನಿಮ್ಮ ಪಕ್ಕದಲ್ಲೇ ನಿಂತು ನಾನೂ ಆಡ್ತೀನಿ," ಎಂದಳು ಡೋರ್ಕಸ್.

ಫೌಬಾಲದಿಂದ ಅವಳು ಉಳಿದ ದ್ವೀಪಗಳಿಗೂ ಹೋದಳು. ಎಲ್ಲ ಕಡೆಯೂ ಮೊದಲು ಕನ್ನಡಕ ಹಾಕಿಸಿ, ಆಮೇಲೆ ಎರಡು ಬಗೆಯ ಹಣದಲ್ಲೂ ಕೇಳಿದಳು. ಒಂದು ಊರಿನಲ್ಲಿ ಮಳೆಗೆ ಸಿಕ್ಕಿ ಜ್ವರ ಬಂತು. ಇನ್ನೊಂದು ಊರಿನ ಯಜಮಾನ ಹೆಂಗಸರನ್ನು ಬೇರೆಯಾಗಿ ಕರೆಯಲು ಬಿಡಲಿಲ್ಲ. ಅವಳು ಅವನ ಹೆಂಡತಿಯ ಜೊತೆ ಗೆಣಸು ಕೀಳಲು ತೋಟಕ್ಕೆ ಹೋಗಿ ಅಲ್ಲೇ ಕೇಳಿದಳು. ಕನ್ನಡಕಗಳಲ್ಲಿ ಒಂದು ನೀರಿಗೆ ಬಿತ್ತು, ಉಳಿದವೆಲ್ಲ ವಾಪಸು ಬಂದವು. ಎಲ್ಲ ಮುಗಿದಾಗ ಚಿತ್ರ ಸ್ಪಷ್ಟವಾಗಿತ್ತು. ಡಾಲರಿನಲ್ಲಿ ಕೇಳಿದರೆ ಗಂಡಸರಲ್ಲಿ ಹೆಚ್ಚಿನವರು ಐವತ್ತು, ಅರವತ್ತರ ಸುತ್ತ ನಿಲ್ಲುತ್ತಿದ್ದರು. ಚಿಪ್ಪಿನಲ್ಲಿ ಕೇಳಿದರೆ ಹೆಂಗಸರಲ್ಲಿ ಹೆಚ್ಚಿನವರು ಅದರ ಮೇಲಕ್ಕೇ ಹೋಗುತ್ತಿದ್ದರು.

ಇದನ್ನು ಫೋನಿನಲ್ಲಿ ಹೇಳಿದರೆ ಆಗುವುದಿಲ್ಲವೆಂದು ಅವಳು ಹಡಗು ಹತ್ತಿ ಹೊನಿಯಾರಾಕ್ಕೇ ಹೋದಳು. ವಿನ್ಸೆಂಟ್ ಸಾಹೇಬರು ಎಲ್ಲವನ್ನೂ ಓದಿ ಕುರ್ಚಿಗೆ ಒರಗಿದರು.

"ಒಳ್ಳೆ ಕೆಲ್ಸ ಮಾಡಿದ್ದೀಯ. ಆದ್ರೆ ಸರ್ಕಾರದ ಗಲ್ಲಾಪೆಟ್ಟಿಗೇಲಿ ಚಿಪ್ಪು ತುಂಬ್ಸೋಕಾಗುತ್ತಾ? ಲೆಕ್ಕ ತಪಾಸಣೆಯೋರು ಬಂದ್ರೆ ನಾನು ಏನು ಹಿಡಿದು ಅಳತೆ ಮಾಡಿ ತೋರ್ಸ್ಲಿ, ತೋಳಾ?"

"ಚಿಪ್ಪು ನೀವು ತಗೋಬೇಡಿ ಸಾರ್. ಅಂಗಡಿ ಶನಿವಾರ ತೆರೀಲಿ."

"ಶನಿವಾರ ರಜ."

"ಶನಿವಾರ ಔಕಿ ಧಕ್ಕೇಲಿ ಮಾರ್ಕೆಟ್. ತೆರ ಕೊಡೋರು ಬೆಟ್ಟದಿಂದ ಸರ ಹುಡುಕ್ಕೊಂಡು ಇಳೀತಾರೆ. ನಮ್ಮೋರೇ. ಹೆಂಗಸರು ಅಲ್ಲಿ ಸರ ಮಾರಿ, ಆ ಡಾಲರ್ ಮನೆ ಸೇರೋ ಮುಂಚೆ ನಮ್ಮ ಬಾಗಿಲಿಗೆ ಬರ್ಬೇಕು. ಸೋಮವಾರ ತೆರೆದ್ರೆ ಆ ದುಡ್ಡು ಪೆಟ್ರೋಲಾಗಿರುತ್ತೆ."

"ಶನಿವಾರ ಯಾರು ಬಂದು ಕೂರ್ತಾರೆ?"

"ನಾನು ಕೂರ್ತೀನಿ. ಸೋಮವಾರ ರಜ ಕೊಡಿ."

ಸಾಹೇಬರು ಇನ್ನೂ ಎರಡು ಸಲ ಇಲ್ಲ ಎಂದರು. ಡೋರ್ಕಸ್ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಅವರು ಬೆಲೆಯ ವಿಷಯಕ್ಕೆ ಬಂದರು. ಅವರ ಮನಸ್ಸಿನಲ್ಲಿ ನೂರು ಇತ್ತು, ಹೆಂಗಸರು ಕೊಡುತ್ತಾರಲ್ಲ ಎಂದು. ಅಷ್ಟಾದರೆ ಅಲಿಕ್‌ನಂಥವರು ಕೊಳ್ಳುವುದಿಲ್ಲ, ಬೆಟ್ಟದ ತೋಟದವರಂತೂ ಬಾಗಿಲಿಗೂ ಬರುವುದಿಲ್ಲ ಎಂದಳು ಅವಳು. ವಾದ ಅರವತ್ತಕ್ಕೆ ಬಂದು ನಿಂತಿತು. ಮೂರು ತಿಂಗಳು ನೋಡೋಣ, ಆಗದಿದ್ದರೆ ಮುಚ್ಚೋಣ ಎಂದು ಸಹಿ ಹಾಕಿದರು.

ಮೊದಲ ಶನಿವಾರ ಮಳೆ. ಬಂದವರು ಇಬ್ಬರು, ಅವರಲ್ಲೊಬ್ಬ ದಾರಿ ಕೇಳಲು ಬಂದವನು. ಎರಡನೆಯ ಶನಿವಾರ ಬೆನೆಡಿಕ್ಟ್ ಫೌಬಾಲದ ಹೆಂಗಸರನ್ನೆಲ್ಲ ಒಂದೇ ದೋಣಿಯಲ್ಲಿ ತುಂಬಿಕೊಂಡು ಬಂದು ಧಕ್ಕೆಗೆ ಇಳಿಸಿದ. ಅಲ್ಫೋನ್ಸಾ ತನ್ನ ಕೆಂಪು ಸರವನ್ನು ಒಬ್ಬ ಮದುವೆಗಂಡಿನ ಚಿಕ್ಕಪ್ಪನಿಗೆ ಮಾರಿದಳು. ಅವನು ಒಂದೊಂದೇ ಬಿಲ್ಲೆ ನೋಡಿ, ಹೇಳಿದಷ್ಟು ಕೊಟ್ಟ. ಅವಳು ಡೋರ್ಕಸಳ ಮುಂದೆ ನೋಟುಗಳನ್ನಿಟ್ಟು ಎರಡು ಕನ್ನಡಕ ಕೇಳಿದಳು.

"ಇನ್ನೊಂದು ಯಾರಿಗಮ್ಮ?"

"ಅಲಿಕ್‌ಗೆ. ಅವ್ನೇ ಬಂದು ಕೊಳ್ಳೋದಾದ್ರೆ ಕ್ರಿಸ್‌ಮಸ್ಸಿಗೂ ಬರಲ್ಲ. ಆದ್ರೆ ಅರವತ್ತು ಅವ್ನ ಮೀನಿನ ದುಡ್ಡಿಂದ ವಸೂಲಿ ಮಾಡ್ತೀನಿ, ಬಿಡಲ್ಲ."

ಅವಳ ಹಿಂದೆ ಸಾಲು ನಿಂತಿತ್ತು. ಎಲ್ಲರ ಹತ್ತಿರವೂ ಅಷ್ಟು ಇರಲಿಲ್ಲ. ಬಿಳಿ ಸರ ಮಾತ್ರ ಇದ್ದವರು ಇಬ್ಬರು ಸೇರಿ ಒಂದು ಕೊಂಡರು. ಒಬ್ಬಳು ಬರಿಗೈಯಲ್ಲಿ ನಿಂತು ಹಾಕಿ ನೋಡಿ, ಬರುವ ವಾರ ಎಂದು ಹೋದಳು. ಅವಳು ಮತ್ತೆ ಬಂದದ್ದು ತಿಂಗಳ ಮೇಲೆ, ಆದರೆ ಬಂದಳು. ಬೆಟ್ಟದವರು ಮೊದಮೊದಲು ಬರಲಿಲ್ಲ. ಡೋರ್ಕಸ್ ಸೋಮವಾರದ ರಜೆಗಳಲ್ಲಿ ಪೆಟ್ಟಿಗೆ ಹೊತ್ತು ತನ್ನ ತವರಿನ ದಾರಿ ಹತ್ತತೊಡಗಿದಳು.

ಮೂರು ತಿಂಗಳು ತುಂಬುವ ಮುಂಚೆ ಕಪಾಟು ಖಾಲಿಯಾಯಿತು. ಆ ಸಂಜೆ ಡೋರ್ಕಸ್ ಬಾಗಿಲು ಹಾಕಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಹೊನಿಯಾರಾಕ್ಕೆ ಫೋನು ಮಾಡಿದಳು.

"ಸಾರ್, ಹೊಸ ಪೆಟ್ಟಿಗೆ ತರಿಸ್ಬೇಕು. ದುಡ್ಡು ಇಲ್ಲೇ ಇದೆ."

"ಹೋದ ಸಲದಷ್ಟೇ ತಾನೇ?"

"ಇಲ್ಲ, ಅದರ ಎರಡರಷ್ಟು. ಹೆಚ್ಚು ಶಕ್ತಿಯವು ಜಾಸ್ತಿ ಇರ್ಲಿ. ಲಗೂನಿನ ಅಜ್ಜಿಯರು ಒಬ್ಬೊಬ್ರೇ ಮತ್ತೆ ಬೈರಿಗೆ ಹಿಡೀತಿದಾರೆ," ಎಂದಳು ಡೋರ್ಕಸ್. ಆಮೇಲೆ ಹಡಗು ಯಾವ ದಿನ ಹೊರಡುತ್ತದೆಂದು ಕೇಳಿ, ಅವರು ಸರಿಯಾಗಿ ಹೇಳುವವರೆಗೂ ಫೋನು ಇಡಲಿಲ್ಲ.